ಸುಳ್ಳುಸಾಕ್ಷಿ ಎಂಬ ಸೋಂಕು: ರಾಮನಗರ ಸೀಮೆಯ ಚರಿತ್ರೆಯಲ್ಲಿ ವಿಜ್ಞಾನ, ಅಧಿಕಾರ ಮತ್ತು ಸಭೆ

ಸಾಂಕ್ರಾಮಿಕ ರೋಗದ ಕಾಲದಲ್ಲಿ ವಿಜ್ಞಾನವನ್ನು ಅಲ್ಲಗಳೆಯುವವರು ಯಾರು? ಈ ಪ್ರಶ್ನೆಗೆ ವಿದ್ಯಾವಂತ ವರ್ಗದ ಬಳಿ ಸಿದ್ಧ ಉತ್ತರವೊಂದಿದೆ: ಹಳ್ಳಿಗರು, ಬಡವರು, ಅಕ್ಷರ ಬಾರದವರು, ಮೂಢನಂಬಿಕೆಗೆ ವಶರಾದವರು. ಸಭೆಯ ಒಳಗೂ ಈ ಉತ್ತರ ಕೇಳಿಬರುತ್ತದೆ. ಜನರಿಗೆ ತಿಳಿವಳಿಕೆ ಕೊಟ್ಟರೆ ಸಾಕು, ರೋಗವೂ ಹೋಗುತ್ತದೆ, ಅಜ್ಞಾನವೂ ಹೋಗುತ್ತದೆ ಎಂಬ ಭಾವನೆ ನಮ್ಮ ಅನೇಕ ಪ್ರಸಂಗಗಳಲ್ಲಿ ಅಡಗಿದೆ. ಈ ಉತ್ತರ ಎಷ್ಟರಮಟ್ಟಿಗೆ ನಿಜವೆಂಬುದನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. 2007ರಲ್ಲಿ ಈ ನಾಲ್ಕೂ ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ನಾವು ಹೇಳಹೊರಟಿರುವ ಘಟನೆಗಳು ಹಳೆಯ ಹೆಸರಿನ ಕಾಲಕ್ಕೆ ಸೇರಿದವಾದ್ದರಿಂದ ಅದನ್ನೇ ಬಳಸುತ್ತೇವೆ.

ನಾವು ತಲುಪಿರುವ ನಿರ್ಣಯವನ್ನು ಮೊದಲೇ ಹೇಳುವುದು ಉಚಿತ. ಅಪನಂಬಿಕೆ ಬೇರೆ, ಅಲ್ಲಗಳೆಯುವಿಕೆ ಬೇರೆ. ಅಪನಂಬಿಕೆ ಸಾಮಾನ್ಯವಾಗಿ ಹಿಂದೆ ನೋವುಂಡವರಲ್ಲಿ ಹುಟ್ಟುತ್ತದೆ. ಅಲ್ಲಗಳೆಯುವಿಕೆ ತಿಳಿದವರಲ್ಲಿ, ತಿಳಿದದ್ದು ತಮಗೆ ಅನನುಕೂಲವಾದಾಗ ಹುಟ್ಟುತ್ತದೆ. ಮೊದಲನೆಯದಕ್ಕೆ ಪಾಲಕನ ತಾಳ್ಮೆ ಬೇಕು. ಎರಡನೆಯದು ನೆರೆಯವನ ವಿರುದ್ಧ ಹೇಳುವ ಸುಳ್ಳುಸಾಕ್ಷಿ. ಅದನ್ನು ಪಾಪವೆಂದು ಹೆಸರಿಟ್ಟು ಕರೆಯುವ ಧೈರ್ಯ ಸಭೆಗೆ ಬೇಕು.

1. ಹುಳುಮನೆಯ ವಿಜ್ಞಾನ

ಈ ಸೀಮೆಯ ಜನ ವಿಜ್ಞಾನದ ವಿರೋಧಿಗಳೆಂಬ ಮಾತು ಹುಳುಮನೆಯ ಬಾಗಿಲಲ್ಲೇ ಬಿದ್ದುಹೋಗುತ್ತದೆ. ರೇಷ್ಮೆಹುಳು ಸಾಕುವ ಮನೆಗೆ ರೈತ ಹೊರಗಿನವರನ್ನು ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ. ಒಂದು ಬೆಳೆ ಮುಗಿದೊಡನೆ ಮನೆಯನ್ನೂ ತಟ್ಟೆಗಳನ್ನೂ ತೊಳೆದು ಬ್ಲೀಚಿಂಗ್ ಪುಡಿಯ ನೀರು ಹೊಡೆಯುತ್ತಾರೆ, ಸುಣ್ಣ ಎರಚುತ್ತಾರೆ. ಕಾಯಿಲೆ ಬಿದ್ದ ಹುಳು ಕಂಡರೆ ಆರಿಸಿ ತೆಗೆದು ಸುಡುತ್ತಾರೆ ಅಥವಾ ಹೂಳುತ್ತಾರೆ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಎಂದು ರೋಗಗಳನ್ನು ಲಕ್ಷಣದಿಂದ ಗುರುತಿಸಿ ಹೆಸರಿಸುವ ಜ್ಞಾನ ಇಲ್ಲಿ ಮನೆಮಾತು. ಕಣ್ಣಿಗೆ ಕಾಣದ ಸೋಂಕು ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟುತ್ತದೆಂಬುದನ್ನು ಇವರಿಗೆ ಉಪನ್ಯಾಸ ಮಾಡಿ ತಿಳಿಸಬೇಕಾಗಿಲ್ಲ.

ಈ ಜ್ಞಾನದ ಹಿಂದೆ ದೀರ್ಘ ಚರಿತ್ರೆಯಿದೆ. 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋಗಿ, ಅಲ್ಲಿನ ಬೆಳೆಗಾರರನ್ನು ದಿವಾಳಿ ಎಬ್ಬಿಸಿದ್ದ ಗಂಟುರೋಗವನ್ನು ಕೆಲವು ವರ್ಷ ಅಧ್ಯಯನ ಮಾಡಿದನು. ಅವನು ತೋರಿಸಿದ ದಾರಿ ಸರಳವಾಗಿತ್ತು: ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುವುದು. ಇಂದಿಗೂ ರೋಗರಹಿತ ಮೊಟ್ಟೆ ತಯಾರಿಸುವ ಕೇಂದ್ರಗಳು ನಡೆಯುವುದು ಈ ಪರೀಕ್ಷೆಯ ಮೇಲೆಯೇ. ಮೈಸೂರು ಸಂಸ್ಥಾನ 1910ರ ದಶಕದಲ್ಲಿ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನ ನೆರವು ಪಡೆದು ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರ ತೆರೆಯಿತು. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಜೆಮ್‌ಶೇಟ್‌ಜಿ ಟಾಟಾ ಆರಂಭಿಸಿದ್ದ ರೇಷ್ಮೆ ಕ್ಷೇತ್ರವನ್ನು 1910ರಲ್ಲಿ ಸಾಲ್ವೇಷನ್ ಆರ್ಮಿ ವಹಿಸಿಕೊಂಡಿತೆಂಬುದು ನಮ್ಮ ವಾಚಕರು ನೆನಪಿಡಬೇಕಾದ ಸಂಗತಿ. ಸುವಾರ್ತೆ ಸಾರಲು ಬಂದವರು ಹುಳುವಿನ ಆರೋಗ್ಯವನ್ನೂ ತಮ್ಮ ಕೆಲಸವೆಂದು ಭಾವಿಸಿದ್ದರು.

ಮುಂದೆ 1930ರ ದಶಕದಲ್ಲಿ, ರಾಮನಗರವನ್ನು ಇನ್ನೂ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದ ಕಾಲದಲ್ಲಿ, ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಅಲ್ಲಿ ಆರೋಗ್ಯ ತರಬೇತಿ ಕೇಂದ್ರವನ್ನು ಸ್ಥಾಪಿಸಿತು. ಹಳ್ಳಿಗಳ ನೈರ್ಮಲ್ಯ, ಸೂಲಗಿತ್ತಿಯರ ಶಿಕ್ಷಣ, ಲಸಿಕೆ, ಮಲೇರಿಯಾ ನಿಯಂತ್ರಣ ಇಂತಹ ಕೆಲಸಗಳಿಗೆ ಸಿಬ್ಬಂದಿಯನ್ನು ಅಣಿಗೊಳಿಸುವ ಊರುಗಳಲ್ಲಿ ಒಂದೆಂದು ಅದು ಹೆಸರಾಯಿತು. ಸಾರ್ವಜನಿಕ ಆರೋಗ್ಯವೆಂಬುದು ಈ ನೆಲಕ್ಕೆ ಹೊರಗಿನದಲ್ಲ.

2. ಸಿಡುಬು, ಪ್ಲೇಗು ಮತ್ತು ಅಪನಂಬಿಕೆಯ ಮೂಲ

ಆದರೂ ಜನ ಲಸಿಕೆಗೆ ಹೆದರಿದ್ದುಂಟು, ಅಧಿಕಾರಿಯನ್ನು ಕಂಡು ಬಾಗಿಲು ಹಾಕಿಕೊಂಡದ್ದುಂಟು. ಏಕೆ?

ಜೆನ್ನರನ ಗೋವಿನ ಸಿಡುಬಿನ ಲಸಿಕೆ 1802ರ ಜೂನ್‌ನಲ್ಲಿ ಮುಂಬಯಿಗೆ ಬಂದು ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಮೊದಲು ಹಾಕಲ್ಪಟ್ಟಿತು. ಆಗ ಲಸಿಕೆಯನ್ನು ಸಾಗಿಸುತ್ತಿದ್ದುದೇ ತೋಳಿನಿಂದ ತೋಳಿಗೆ: ಒಬ್ಬರ ಗುಳ್ಳೆಯ ರಸವನ್ನು ಇನ್ನೊಬ್ಬರಿಗೆ ಹಾಕಬೇಕು. ಮಡಿ, ಜಾತಿ, ಮನೆತನಗಳ ಸಮಾಜದಲ್ಲಿ ಇದು ಎಂತಹ ಬೇಡಿಕೆಯೆಂಬುದನ್ನು ಊಹಿಸಿಕೊಳ್ಳಬಹುದು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ರಾಣಿಯರ ಚಿತ್ರ ಬರೆದನು. ಅವರಲ್ಲೊಬ್ಬರು ತೋಳಿನ ಮೇಲಿನ ಸೆರಗನ್ನು ಸರಿಸಿ ನಿಂತಿದ್ದಾರೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುವ ಉದ್ದೇಶ ಆ ಚಿತ್ರದ ಹಿಂದಿತ್ತೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಈ ವಿವರಣೆ ಸರಿಯಾದರೆ, ನಮ್ಮ ಸಂಸ್ಥಾನದಲ್ಲಿ ಅಧಿಕಾರದಲ್ಲಿದ್ದವರು ತಮ್ಮ ತೋಳನ್ನೇ ಸಾಕ್ಷಿಯಾಗಿ ಮುಂದಿಟ್ಟ ಮಾದರಿಯೊಂದು ಎರಡು ಶತಮಾನಗಳ ಹಿಂದೆಯೇ ಇದ್ದಿತು. ಆಳುವವರು ಮೊದಲು ತಾವು ಸೂಜಿಗೆ ತೋಳೊಡ್ಡಬೇಕು, ಆಮೇಲೆ ಪ್ರಜೆಗಳನ್ನು ಕರೆಯಬೇಕು.

ಪ್ಲೇಗಿನ ಕಥೆ ಇದಕ್ಕೆ ವಿರುದ್ಧವಾದುದು. 1898ರ ಆಗಸ್ಟ್‌ನಲ್ಲಿ ಪ್ಲೇಗು ರೈಲಿನ ಮೂಲಕ ಬೆಂಗಳೂರನ್ನು ಹೊಕ್ಕಿತು. ಅಲ್ಲಿಂದ ಮೈಸೂರಿಗೆ ಹೋಗುವ ರೈಲುಮಾರ್ಗ ಕ್ಲೋಸ್‌ಪೇಟೆ, ಚನ್ನಪಟ್ಟಣಗಳನ್ನು ಹಾದೇ ಹೋಗುತ್ತಿತ್ತು. ಮನೆ ಖಾಲಿ ಮಾಡಿಸುವುದು, ರೋಗಿಗಳನ್ನು ಶಿಬಿರಕ್ಕೆ ಒಯ್ಯುವುದು, ಪ್ರಯಾಣಿಕರ ತಪಾಸಣೆ, ಸಾಮಾನು ಸುಡುವುದು ಇವೆಲ್ಲ ಜನರಿಗೆ ರೋಗಕ್ಕಿಂತಲೂ ಭಯಂಕರವಾಗಿ ಕಂಡವು. ಪುಣೆಯಲ್ಲಿ ಇಂತಹ ಕ್ರಮಗಳ ಕ್ರೌರ್ಯವೇ 1897ರಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಗೆ ಕಾರಣವಾಗಿತ್ತು. ಹಾಫ್ಕಿನ್ ಕಂಡುಹಿಡಿದ ಪ್ಲೇಗಿನ ಚುಚ್ಚುಮದ್ದು ಅನೇಕ ಜೀವ ಉಳಿಸಿತು. ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಕಲುಷಿತಗೊಂಡ ಒಂದು ಸೀಸೆಯ ಮದ್ದಿನಿಂದ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ಭಯಕ್ಕೆ ಕಾರಣವೇ ಇರಲಿಲ್ಲವೆಂದು ಹೇಳಲಾಗದು.

ಹಳ್ಳಿಯ ಜನರಿಗಾದರೋ ತಮ್ಮದೇ ಒಂದು ಸೂತ್ರವಿತ್ತು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಡಬೇಕು. ಹಳೆಯ ಮೈಸೂರಿನ ಎಷ್ಟೋ ಹಳ್ಳಿಗಳು ಇಲಿ ಬಿದ್ದ ಸುದ್ದಿ ಕೇಳಿದೊಡನೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದವು. ಇದೇ ಜನ ಪ್ಲೇಗಮ್ಮನಿಗೆ ಗುಡಿಯನ್ನೂ ಕಟ್ಟಿದರು. ಆದರೆ ಗುಡಿ ಕಟ್ಟಿದ್ದೇವೆಂದು ಇಲಿ ಬಿದ್ದ ಮನೆಯಲ್ಲಿ ಮಲಗಲಿಲ್ಲ. ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆಂದು ಪಾಲ್ ಲೂಯಿ ಸಿಮಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದಾಗ ಅಂದಿನ ವೈದ್ಯ ಜಗತ್ತೇ ಅದನ್ನು ಕೆಲವು ವರ್ಷ ಒಪ್ಪಲಿಲ್ಲ. ಈ ವಿಷಯದಲ್ಲಿ ಹೊಲದ ಗುಡಿಸಲು ಅಧಿಕಾರಿಯ ಕಚೇರಿಗಿಂತ ಸತ್ಯಕ್ಕೆ ಹತ್ತಿರವಾಗಿತ್ತು.

ಇನ್ನೊಂದು ಸಂಗತಿಯೂ ಇಲ್ಲಿ ಗಮನಾರ್ಹ. ಬೆಂಗಳೂರಿನ ಪ್ಲೇಗು ಶಿಬಿರಗಳಲ್ಲಿ ದುಡಿದ ವೈದ್ಯರಲ್ಲಿ ಡಾ. ಪಲ್ಪು ಒಬ್ಬರು. ಅವರು ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಅವರಿಗೆ ಕೆಲಸ ನಿರಾಕರಿಸಿತ್ತು, ಮೈಸೂರು ಕೊಟ್ಟಿತು. ಜಾತಿಯ ಕಾರಣಕ್ಕೆ ಒಳ್ಳೆಯ ವೈದ್ಯನನ್ನು ಹೊರಗಟ್ಟುವ ಸರ್ಕಾರವೂ ವಿಜ್ಞಾನವನ್ನು ಅಲ್ಲಗಳೆದಂತೆಯೇ. ಜನರಲ್ಲಿ ನಂಬಿಕೆ ಹುಟ್ಟಬೇಕಾದರೆ ಮದ್ದು ಸತ್ಯವಾಗಿದ್ದರೆ ಸಾಲದು, ಅದನ್ನು ಕೊಡುವ ಕೈಯಲ್ಲಿ ನ್ಯಾಯವಿರಬೇಕು.

3. 2020ರಿಂದ 2022: ಅನುಕೂಲವಿಲ್ಲದ ಸತ್ಯ

ಈಗ ಕೊರೊನಾ ಕಾಲಕ್ಕೆ ಬರೋಣ. ಈ ಭಾಗದಲ್ಲಿ ಹೆಸರಿರುವ ನಾಯಕರ ಮಾತು ಬರುವುದರಿಂದ ಒಂದು ವಿಷಯ ಸ್ಪಷ್ಟಪಡಿಸುತ್ತೇವೆ. ರಾಜ್ಯದ ಮೂರು ಪ್ರಮುಖ ಪಕ್ಷಗಳೂ ಈ ಲೆಕ್ಕದಲ್ಲಿ ಇವೆ. ಯಾವುದೇ ಪಕ್ಷದ ಪರ ವಾದಿಸುವುದು ನಮ್ಮ ಉದ್ದೇಶವಲ್ಲ.

2020ರ ಏಪ್ರಿಲ್ ಮಧ್ಯದಲ್ಲಿ ರಾಮನಗರ ಜಿಲ್ಲೆಯಲ್ಲಿ ಸೋಂಕಿನ ಪ್ರಕರಣಗಳಿರಲಿಲ್ಲ. ಅದು ಹಸಿರು ವಲಯವಾಗಿತ್ತು. ಏಪ್ರಿಲ್ 17ರಂದು, ದೇಶವೇ ಬಾಗಿಲು ಹಾಕಿಕೊಂಡಿದ್ದಾಗ, ಬಿಡದಿ ಸಮೀಪದ ಕೇತಗಾನಹಳ್ಳಿಯ ತೋಟದಲ್ಲಿ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಮಗನ ಮದುವೆ ನಡೆಯಿತು. ಅನುಮತಿ ಪಡೆದು, ನೆಂಟರ ಸಂಖ್ಯೆ ಇಳಿಸಿ ನಡೆಸಿದ ಮದುವೆಯದು. ಆದರೂ ಹೊರಬಂದ ಚಿತ್ರಗಳಲ್ಲಿ ಅಂತರವೂ ಮುಖಗವಸೂ ಕಾಣಲಿಲ್ಲ. ಅದೇ ದಿನಗಳಲ್ಲಿ ನಮ್ಮ ಸಭೆಗಳಲ್ಲಿ ಈಸ್ಟರ್ ಆರಾಧನೆ ಬಾಗಿಲು ಮುಚ್ಚಿ ನಡೆದಿತ್ತು. ಎಷ್ಟೋ ಕುಟುಂಬಗಳು ಸತ್ತವರ ಮುಖ ನೋಡದೆ ಮಣ್ಣು ಕೊಟ್ಟಿದ್ದವು. ಬಡವನ ಮದುವೆಗೆ ಇರುವ ನಿಯಮ ದೊಡ್ಡವರ ಮದುವೆಗೆ ಬೇರೆಯೆಂದು ಜನ ಕಂಡುಕೊಂಡರೆ, ನಿಯಮದ ಹಿಂದಿರುವ ವಿಜ್ಞಾನದ ಮೇಲೂ ನಂಬಿಕೆ ಹೋಗುತ್ತದೆ.

ಎರಡು ದಿನಗಳ ಬಳಿಕ ಬೆಂಗಳೂರಿನ ಪಾದರಾಯನಪುರದಲ್ಲಿ, ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಕರೆದೊಯ್ಯಲು ಬಂದ ಆರೋಗ್ಯ ಸಿಬ್ಬಂದಿ ಮತ್ತು ಪೊಲೀಸರ ಮೇಲೆ ದಾಳಿಯಾಯಿತು. ಬಂಧಿತರಾದ ನೂರಕ್ಕೂ ಹೆಚ್ಚು ಮಂದಿಯನ್ನು ಸರ್ಕಾರ ರಾಮನಗರದ ಜೈಲಿಗೆ ತಂದಿತು. ಸೋಂಕಿನ ಪ್ರದೇಶದವರನ್ನು ಸೋಂಕಿಲ್ಲದ ಜಿಲ್ಲೆಗೆ ತರಬೇಡಿರೆಂದು ಕುಮಾರಸ್ವಾಮಿಯವರು ಆಕ್ಷೇಪಿಸಿದರು. ಅವರ ಮಾತು ಸರಿಯಾಗಿತ್ತು. ಕೆಲವೇ ದಿನಗಳಲ್ಲಿ ಬಂಧಿತರಲ್ಲಿ ಸೋಂಕು ಕಂಡುಬಂದು ಎಲ್ಲರನ್ನೂ ಬೆಂಗಳೂರಿಗೆ ಮರಳಿ ಸಾಗಿಸಬೇಕಾಯಿತು. ಒಂದೇ ವಾರದೊಳಗೆ ಒಬ್ಬ ನಾಯಕರು ಒಂದು ವಿಷಯದಲ್ಲಿ ಎಚ್ಚರ ತಪ್ಪಿದರು, ಇನ್ನೊಂದರಲ್ಲಿ ಎಚ್ಚರ ಹೇಳಿದರು. ಮನುಷ್ಯರು ವಿಜ್ಞಾನದ ಪರ ಅಥವಾ ವಿರೋಧ ಎಂದು ಎರಡು ಗುಂಪುಗಳಾಗಿ ನಿಂತಿರುವುದಿಲ್ಲ. ಸತ್ಯ ತಮ್ಮ ಅನುಕೂಲಕ್ಕೆ ಬಂದಾಗ ಅದನ್ನು ಹಿಡಿಯುತ್ತಾರೆ, ಬಾರದಾಗ ಬಿಡುತ್ತಾರೆ.

ಆ ತಿಂಗಳುಗಳ ಇನ್ನೊಂದು ಸುಳ್ಳನ್ನು ಮರೆಯುವಂತಿಲ್ಲ. ಸೋಂಕನ್ನು ಮುಸಲ್ಮಾನರೇ ಬೇಕೆಂದು ಹರಡುತ್ತಿದ್ದಾರೆಂಬ ಮಾತು ಊರೂರಿಗೂ ಹಬ್ಬಿತು. ಈ ಜಿಲ್ಲೆಯ ಹಳ್ಳಿಯೊಂದರಲ್ಲೂ ಮುಸಲ್ಮಾನರೊಂದಿಗೆ ವ್ಯವಹರಿಸಿದವರಿಗೆ ದಂಡವೆಂದು ಸಾರಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ರಾಮನಗರದ ಗೂಡಿನ ಮಾರುಕಟ್ಟೆಗೆ, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಗೆ, ಗೂಡು ತರುವ ರೈತರು ಬಹುಪಾಲು ಹಿಂದೂಗಳು. ಕೊಂಡು ನೂಲು ಬಿಚ್ಚುವ ರೀಲರುಗಳು ಬಹುಪಾಲು ಮುಸಲ್ಮಾನರು. ಒಬ್ಬರ ಬೆಳೆ ಇನ್ನೊಬ್ಬರ ಕೈಯಿಲ್ಲದೆ ದುಡ್ಡಾಗುವುದಿಲ್ಲ. ವೈರಾಣುವಿಗೆ ಧರ್ಮವಿಲ್ಲವೆಂಬ ವಿಜ್ಞಾನದ ಮಾತನ್ನು ಅಲ್ಲಗಳೆದವರು, ಆ ಸುಳ್ಳನ್ನು ಪಕ್ಕದಲ್ಲಿ ಕುಳಿತು ಬದುಕುವ ನೆರೆಯವನ ಮೇಲೆಯೇ ಹೊರಿಸಿದರು.

2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಏರುತ್ತಿರುವಾಗಲೇ ಬೆಳಗಾವಿ, ಮಸ್ಕಿ, ಬಸವಕಲ್ಯಾಣಗಳ ಉಪಚುನಾವಣೆಗೆ ಎಲ್ಲ ಪಕ್ಷಗಳೂ ಜನ ಸೇರಿಸಿದವು. ಪ್ರಚಾರದಿಂದ ಮರಳಿದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿಗೇ ಏಪ್ರಿಲ್ 16ರಂದು ಸೋಂಕು ದೃಢಪಟ್ಟಿತು. ಅದೇ ತಿಂಗಳು, ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆಂದು ರಾಜ್ಯದ ಮಾಜಿ ಸಂಸದರೊಬ್ಬರು ಹೇಳಿದ ಮಾತು ಎಲ್ಲೆಡೆ ಹರಿದಾಡಿತು. ಅದನ್ನು ಮಾಡಿಕೊಂಡ ಶಿಕ್ಷಕರೊಬ್ಬರು ಉತ್ತರ ಕರ್ನಾಟಕದಲ್ಲಿ ತೀರಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು. ಮೇ 2ರ ರಾತ್ರಿ ಮತ್ತು 3ರ ಬೆಳಗಿನ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರವೆಂದು ಆಡಳಿತದವರು ಹೇಳಿದರು. ಹೈಕೋರ್ಟು ನೇಮಿಸಿದ ಸಮಿತಿ ಈ ವಿವರಣೆಯನ್ನು ಒಪ್ಪಲಿಲ್ಲ. ಅಂದು ಸತ್ತವರ ಸಂಖ್ಯೆಯ ಸತ್ಯಕ್ಕಾಗಿ ಗಟ್ಟಿಯಾಗಿ ದನಿಯೆತ್ತಿದ್ದು ವಿರೋಧಪಕ್ಷವಾಗಿದ್ದ ಕಾಂಗ್ರೆಸ್.

ಕನಕಪುರ ತಾಲ್ಲೂಕಿನ ಮೇಕೆದಾಟಿನಲ್ಲಿ ಕಾವೇರಿಯ ಈಚೆ ದಡ ರಾಮನಗರ ಜಿಲ್ಲೆ, ಆಚೆ ದಡ ಚಾಮರಾಜನಗರ ಜಿಲ್ಲೆ. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಿಂದ 2022ರ ಜನವರಿ 9ರಂದು ಅದೇ ಕಾಂಗ್ರೆಸ್ ಪಾದಯಾತ್ರೆ ಹೊರಟಿತು. ಬೆಂಗಳೂರಿಗೆ ಕುಡಿಯುವ ನೀರು ಬೇಕೆಂಬ ಬೇಡಿಕೆ ನ್ಯಾಯವಾದುದೇ; ಶುದ್ಧ ನೀರಿಗಿಂತ ದೊಡ್ಡ ಸಾರ್ವಜನಿಕ ಆರೋಗ್ಯವಿಲ್ಲ. ಆದರೆ ಆ ಭಾನುವಾರ ರಾಜ್ಯದಲ್ಲಿ ವಾರಾಂತ್ಯದ ಕರ್ಫ್ಯೂ ಇತ್ತು, ಒಮೈಕ್ರಾನ್ ಅಲೆ ಏರುತ್ತಿತ್ತು, ಅಂದು ವರದಿಯಾದ ಹೊಸ ಪ್ರಕರಣಗಳು ಸುಮಾರು 12 ಸಾವಿರ. ನಿರ್ಬಂಧಗಳು ಪಾದಯಾತ್ರೆಯನ್ನು ತಡೆಯಲೆಂದೇ ಬಂದವೆಂದು ಪಕ್ಷ ಆರೋಪಿಸಿತು. ಪರೀಕ್ಷೆಗೆ ಮಾದರಿ ಪಡೆಯಲು ಬಂದ ಅಧಿಕಾರಿಗಳಿಗೆ, ತಾವು ಆರೋಗ್ಯವಾಗಿದ್ದೇವೆಂದು ಹೇಳಿ ಪಕ್ಷದ ರಾಜ್ಯಾಧ್ಯಕ್ಷ ಡಿ.ಕೆ. ಶಿವಕುಮಾರ್ ಅವರು ಮಾದರಿ ಕೊಡಲಿಲ್ಲ. ಪಾದಯಾತ್ರೆಯಲ್ಲಿ ಪಾಲ್ಗೊಂಡಿದ್ದ ಕೆಲವು ಹಿರಿಯ ನಾಯಕರಿಗೆ ಸೋಂಕು ತಗುಲಿತು. ಜನವರಿ 12ರಂದು ಹೈಕೋರ್ಟು, ಇದಕ್ಕೆ ಅನುಮತಿ ಪಡೆದಿದ್ದೀರಾ ಎಂದು ಪಕ್ಷವನ್ನೂ, ಇದನ್ನು ಏಕೆ ತಡೆಯಲಿಲ್ಲವೆಂದು ಸರ್ಕಾರವನ್ನೂ ಪ್ರಶ್ನಿಸಿತು. 13ರಂದು ರಾಮನಗರದಲ್ಲಿ ಪಾದಯಾತ್ರೆ ನಿಂತಿತು. ಅಂದು ರಾಜ್ಯದ ಹೊಸ ಪ್ರಕರಣಗಳು 25 ಸಾವಿರ ದಾಟಿದ್ದವು.

ಈ ಏರಿಕೆಗೆ ಪಾದಯಾತ್ರೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಅಲೆ ಇಡೀ ದೇಶದಲ್ಲಿ ಏರುತ್ತಿತ್ತು. ಹಾಗೆ ಹೇಳಿದರೆ ನಾವೂ ವಿಜ್ಞಾನವನ್ನು ನಮ್ಮ ವಾದಕ್ಕೆ ಬಗ್ಗಿಸಿದಂತಾಗುತ್ತದೆ. ಪಾದಯಾತ್ರೆಗೆ ಆರು ದಿನ ಮೊದಲು, ಜನವರಿ 3ರಂದು, ಅಂದಿನ ಬಿಜೆಪಿ ಸರ್ಕಾರದ ಮುಖ್ಯಮಂತ್ರಿಗಳು ಪಾಲ್ಗೊಂಡ ಸಮಾರಂಭಕ್ಕೂ ರಾಮನಗರದಲ್ಲಿ ಜನ ಸೇರಿದ್ದರು. ಅಂದು ವೇದಿಕೆಯ ಮೇಲೆ ಸಚಿವರೂ ಸಂಸದರೂ ಜಗಳಕ್ಕೆ ನಿಂತದ್ದು ಸುದ್ದಿಯಾಯಿತು, ಸೇರಿದ ಜನಸಂದಣಿ ಸುದ್ದಿಯಾಗಲಿಲ್ಲ. ನಮ್ಮ ಪ್ರಶ್ನೆ ಬೇರೆ. ನೀರಿಗಾಗಿ ನಡೆದವನಿಗೂ ರೋಗದ ಸತ್ಯ ಅನನುಕೂಲವಾಯಿತು. ಸತ್ತವರ ನಿಜ ಸಂಖ್ಯೆ ಹೇಳಿರೆಂದು ಕೇಳಿದವನಿಗೂ ತನ್ನ ಮೂಗಿನ ಮಾದರಿ ಕೊಡುವುದು ಬೇಡವಾಯಿತು. ಸಾಮಾನ್ಯ ಜನ ಇದರಿಂದ ಏನು ಕಲಿತರು? ಪರೀಕ್ಷೆಯೆಂಬುದು ರಾಜಕೀಯ, ಅಂಕಿಯೆಂಬುದು ಪಕ್ಷದ ಮಾತು ಎಂದು ಕಲಿತರು. ಮುಂದಿನ ರೋಗ ಬರುವಾಗ ಈ ಪಾಠ ಅವರ ನೆನಪಿನಲ್ಲಿರುತ್ತದೆ. ವಿಜ್ಞಾನದ ಅಲ್ಲಗಳೆಯುವಿಕೆಯಿಂದ ಆಗುವ ಅತಿ ದೊಡ್ಡ ಅಪಾಯ ಇದೇ.

ಅಧಿಕಾರದ ತುದಿಯಲ್ಲಿ ಇದು ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ದಕ್ಷಿಣ ಆಫ್ರಿಕಾ ಸಾಕ್ಷಿ. ಎಚ್‌ಐವಿಯಿಂದ ಏಡ್ಸ್ ಬರುತ್ತದೆಂಬುದನ್ನೇ ಅಧ್ಯಕ್ಷ ಥಾಬೋ ಎಂಬೆಕಿ ಸಂದೇಹಿಸಿದರು, ಅವರ ಆರೋಗ್ಯ ಸಚಿವೆ ಬೆಳ್ಳುಳ್ಳಿ, ನಿಂಬೆ, ಬೀಟ್‌ರೂಟ್‌ಗಳನ್ನು ಹೊಗಳಿದರು, ಔಷಧ ತಡವಾಯಿತು. ಇದರಿಂದ 2000ದಿಂದ 2005ರ ನಡುವೆ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು.

4. ಸಭೆಯ ಸ್ವಂತ ಲೆಕ್ಕ

ರಾಜಕಾರಣಿಗಳ ಕಡೆ ಬೆರಳು ತೋರಿಸಿ ನಾವು ಹೊರಗುಳಿಯುವಂತಿಲ್ಲ. ಸಭೆಯ ಚರಿತ್ರೆಯಲ್ಲಿ ಎರಡೂ ಬಗೆಯ ಸಾಕ್ಷಿಗಳಿದ್ದಾರೆ.

1721ರಲ್ಲಿ ಬಾಸ್ಟನ್ ಪಟ್ಟಣದಲ್ಲಿ ಸಿಡುಬು ಎದ್ದಾಗ ಸಭಾಪಾಲಕ ಕಾಟನ್ ಮೇದರ್, ರೋಗದ ರಸವನ್ನೇ ಅಲ್ಪವಾಗಿ ಚರ್ಮಕ್ಕೆ ಸೇರಿಸಿ ತಡೆಯುವ ಕ್ರಮವನ್ನು ಬೆಂಬಲಿಸಿದನು. ಈ ಕ್ರಮವನ್ನು ಅವನಿಗೆ ಹೇಳಿಕೊಟ್ಟವನು ಒನೆಸಿಮಸ್ ಎಂಬ ಆಫ್ರಿಕಾದ ಗುಲಾಮ. ಅಂದಿನ ಲೆಕ್ಕದಂತೆ ಸಿಡುಬು ತಾನಾಗಿ ತಗುಲಿದವರಲ್ಲಿ ನೂರಕ್ಕೆ ಸುಮಾರು 14 ಮಂದಿ ಸತ್ತರು. ಈ ಕ್ರಮಕ್ಕೆ ಒಳಗಾದವರಲ್ಲಿ ಸುಮಾರು 2 ಮಂದಿ. ಆದರೂ ಮೇದರನ ಮನೆಗೆ ಬಾಂಬು ಬಿತ್ತು. ಮರುವರ್ಷ ಲಂಡನ್ನಿನಲ್ಲಿ ಎಡ್ಮಂಡ್ ಮ್ಯಾಸಿ ಎಂಬ ಬೋಧಕ, ಯೋಬನ ಹುಣ್ಣುಗಳು ಸೈತಾನನು ಇದೇ ರೀತಿ ಹಾಕಿದವೆಂದು ಸೂಚಿಸಿ, ಈ ಚಿಕಿತ್ಸೆ ಪಾಪವೆಂದು ಪ್ರಸಂಗ ಮಾಡಿದನು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಸತ್ಯವೇದ. ಒಬ್ಬ ಗುಲಾಮನ ಮಾತಿಗೆ ಕಿವಿಗೊಟ್ಟನು, ಇನ್ನೊಬ್ಬ ತನ್ನ ಪೀಠದ ಮಾತಿಗೆ ಮಾತ್ರ ಕಿವಿಗೊಟ್ಟನು. 2020ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸಭೆಯೊಂದು ಸೋಂಕು ಬಾರದಿರಲೆಂದು ಒಂದೇ ಕೊಳವೆಯಿಂದ ಎಲ್ಲರ ಬಾಯಿಗೂ ಉಪ್ಪುನೀರು ಸಿಂಪಡಿಸಿತು. 40ಕ್ಕೂ ಹೆಚ್ಚು ಮಂದಿ ಸೋಂಕಿತರಾದರು. ಅಲ್ಲಿ ದುರುದ್ದೇಶವಿರಲಿಲ್ಲ. ವಿಚಾರಿಸುವ ಗುಣವಿರಲಿಲ್ಲ.

ನಮ್ಮ ಸಭೆಗಳಲ್ಲಿಯೂ ಆ ದಿನಗಳಲ್ಲಿ 91ನೆಯ ಕೀರ್ತನೆಯನ್ನು ಬಾಗಿಲಿಗೆ ಅಂಟಿಸಿ, ವ್ಯಾಧಿ ವಿಶ್ವಾಸಿಯ ಮನೆಯ ಹತ್ತಿರ ಸುಳಿಯದೆಂದು ಸಾಂತ್ವನ ಪಡೆದವರು ಬಹಳ ಮಂದಿ. ಸಾಂತ್ವನಕ್ಕೆ ಆ ಕೀರ್ತನೆ ಯೋಗ್ಯವಾದುದೇ. ಆದರೆ ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಅದೇ ಕೀರ್ತನೆಯನ್ನು ಎತ್ತಿ ಹೇಳುವವನು ಯಾರು? ಶೋಧಕನು. ದೇವಾಲಯದ ತುದಿಯಿಂದ ಧುಮುಕು, ದೂತರು ಎತ್ತಿಹಿಡಿಯುವರು ಎಂದು ಅವನು ಹೇಳುವುದು ಈ ಕೀರ್ತನೆಯ ಬಲದಿಂದಲೇ. ಸ್ವಾಮಿಯು ಕೀರ್ತನೆಯನ್ನು ಸುಳ್ಳೆನ್ನಲಿಲ್ಲ. ವಾಗ್ದಾನವನ್ನು ಹಿಡಿದು ದೇವರನ್ನು ಪರೀಕ್ಷೆಗೆ ಒಡ್ಡುವುದನ್ನು ನಿರಾಕರಿಸಿದನು. ಎತ್ತರದಿಂದ ಬಿದ್ದರೆ ದೇಹಕ್ಕೆ ಏನಾಗುತ್ತದೆಂಬ ಲೋಕನಿಯಮವನ್ನು ಅಲ್ಲಗಳೆಯುವುದು ವಿಶ್ವಾಸದ ಗುರುತಲ್ಲವೆಂದು ಈ ಪ್ರಕರಣ ನಮಗೆ ಕಲಿಸುತ್ತದೆ.

1527ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಪ್ಲೇಗು ಬಂದಾಗ ಮಾರ್ಟಿನ್ ಲೂಥರ್ ಇದೇ ಪಾಠವನ್ನು ಬದುಕಿ ತೋರಿಸಿದನು. ಅವನು ಊರು ಬಿಡಲಿಲ್ಲ. ರೋಗಿಗಳನ್ನು ತನ್ನ ಮನೆಯಲ್ಲಿಯೇ ಇಟ್ಟು ನೋಡಿಕೊಂಡನು. ಆದರೆ ಯೊಹಾನ್ ಹೆಸ್‌ಗೆ ಬರೆದ ಪತ್ರದಲ್ಲಿ, ಮದ್ದನ್ನು ತಿರಸ್ಕರಿಸುವವರೂ ಎಚ್ಚರವಿಲ್ಲದೆ ತಿರುಗುವವರೂ ದೇವರನ್ನು ಪರೀಕ್ಷಿಸುತ್ತಾರೆಂದೂ, ತಮ್ಮ ಅಲಕ್ಷ್ಯದಿಂದ ಇನ್ನೊಬ್ಬನು ಸತ್ತರೆ ಆ ಸಾವಿಗೆ ಹೊಣೆಯಾಗುತ್ತಾರೆಂದೂ ತಿಳಿಸಿದನು. ತನ್ನ ಅಗತ್ಯವಿರುವಲ್ಲಿಗೆ ಹೋಗುವುದು, ಅಗತ್ಯವಿಲ್ಲದಲ್ಲಿಗೆ ಹೋಗದಿರುವುದು, ಎರಡೂ ಅವನಿಗೆ ಒಂದೇ ಪ್ರೀತಿಯ ಎರಡು ಕೆಲಸಗಳು.

5. ಆಜ್ಞೆಯ ಬೆಳಕಿನಲ್ಲಿ

ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಕಥೋಲಿಕ ಮತ್ತು ಲೂಥರನ್ ಎಣಿಕೆಯಲ್ಲಿ ಎಂಟನೆಯದೆಂದೂ ಇತರ ಸುಧಾರಿತ ಸಭೆಗಳ ಎಣಿಕೆಯಲ್ಲಿ ಒಂಬತ್ತನೆಯದೆಂದೂ ಬೋಧಿಸುತ್ತೇವೆ. ಆ ಆಜ್ಞೆಯ ಮೂಲ ಸಂದರ್ಭ ನ್ಯಾಯಸ್ಥಾನ: ಒಬ್ಬನ ಮಾತಿನ ಮೇಲೆ ಇನ್ನೊಬ್ಬನ ಪ್ರಾಣ ನಿಂತಿರುವ ಜಾಗ. ಸಾಂಕ್ರಾಮಿಕದ ಕಾಲದಲ್ಲಿ ಇಡೀ ಊರೇ ಅಂತಹ ನ್ಯಾಯಸ್ಥಾನವಾಗುತ್ತದೆ. ನನಗೆ ಜ್ವರವಿಲ್ಲವೆಂಬ ನನ್ನ ಮಾತಿನ ಮೇಲೆ ಪಕ್ಕದ ಪೀಠದಲ್ಲಿ ಕುಳಿತ ಮುದುಕಿಯ ಉಸಿರು ನಿಂತಿದೆ. ಸತ್ತವರು ಮೂವರೆಂಬ ಅಧಿಕಾರಿಯ ಮಾತಿನ ಮೇಲೆ ನಾಳೆಯ ಆಮ್ಲಜನಕದ ವ್ಯವಸ್ಥೆ ನಿಂತಿದೆ.

ಯಾಜಕಕಾಂಡದ ಹದಿಮೂರನೆಯ ಅಧ್ಯಾಯ ಯಾಜಕನಿಗೆ ಕೊಟ್ಟ ಕೆಲಸವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಅಲ್ಲಿ ಹೇಳಿರುವ ಚರ್ಮರೋಗ ಇಂದಿನ ಕುಷ್ಠವೆಂದು ಭಾವಿಸಬೇಕಾಗಿಲ್ಲ. ಯಾಜಕನು ಊಹಿಸಿ ಹೇಳುವಂತಿಲ್ಲ, ಕಣ್ಣಾರೆ ನೋಡಬೇಕು. ಸಂದೇಹವಿದ್ದರೆ ಏಳು ದಿನ ಕಾದು ಮತ್ತೆ ನೋಡಬೇಕು, ಇನ್ನೂ ಸಂದೇಹವಿದ್ದರೆ ಮತ್ತೂ ಏಳು ದಿನ. ಕಂಡದ್ದನ್ನು ಕಂಡ ಹಾಗೆ ಸಾರಬೇಕು. ಅರಸನಾದ ಉಜ್ಜೀಯನ ಹಣೆಯಲ್ಲಿ ರೋಗ ಕಂಡಾಗ ಯಾಜಕರು ಅವನನ್ನೂ ಹೊರಡಿಸಿದರು. ಪರೀಕ್ಷೆಗೆ ಅರಸನೂ ಹೊರತಾಗಲಿಲ್ಲ. ಇನ್ನೊಬ್ಬ ಅರಸನಾದ ಯೆಹೋಯಾಕೀಮನು ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತು, ಯೆರೆಮೀಯನ ಸುರುಳಿಯನ್ನು ಓದಿದಷ್ಟೂ ಕತ್ತರಿಸಿ ಬೆಂಕಿಗೆ ಹಾಕಿದನು. ಸುರುಳಿ ಸುಟ್ಟಿತು, ಬಾಬೆಲಿನ ಸೈನ್ಯ ನಿಲ್ಲಲಿಲ್ಲ. ಅನನುಕೂಲವಾದ ವರದಿಯನ್ನು ಸುಡುವ ಆಳ್ವಿಕೆಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರವನ್ನು ನಾವು ಸತ್ಯವೇದದಲ್ಲಿ ಕಾಣೆವು.

6. ಸಭಾಪಾಲಕರ ಮುಂದಿರುವ ಕೆಲಸ

ಈ ಚರಿತ್ರೆಯಿಂದ ನಮ್ಮ ಸೇವೆಗೆ ಕೆಲವು ಕರ್ತವ್ಯಗಳು ಹುಟ್ಟುತ್ತವೆ. ಹೆದರಿದವರನ್ನು ಗದರಿಸಬಾರದು. ಅವರ ಭಯಕ್ಕೆ ಮುಲ್ಕೋವಾಲಿನಂತಹ, ಪ್ಲೇಗು ಶಿಬಿರದಂತಹ ಕಾರಣವಿದೆಯೇ ಎಂದು ಮೊದಲು ಕೇಳಬೇಕು; ಆರೋಗ್ಯ ಕೇಂದ್ರದ ದಾದಿಯನ್ನೂ ಆಶಾ ಕಾರ್ಯಕರ್ತೆಯನ್ನೂ ಸಭೆಯ ಅಂಗಳಕ್ಕೆ ಕರೆದು ಜನರ ಪ್ರಶ್ನೆಗಳಿಗೆ ಉತ್ತರ ಕೊಡಿಸಬೇಕು. ಲಸಿಕೆಯ ಸಾಲಿನಲ್ಲಿ ಸಭಾಪಾಲಕನು ಮೈಸೂರಿನ ರಾಣಿಯಂತೆ ಮೊದಲು ತನ್ನ ತೋಳನ್ನೊಡ್ಡಬೇಕು. ಪ್ರಾರ್ಥನೆಯಿಂದ ಗುಣವಾಯಿತೆಂಬ ಸಾಕ್ಷಿಯನ್ನು ಪೀಠದಿಂದ ಸಾರುವ ಮೊದಲು ವಿಚಾರಿಸಬೇಕು. ಪ್ರಾರ್ಥಿಸಿದವರು ಔಷಧ ನಿಲ್ಲಿಸದಂತೆ ನೋಡಿಕೊಳ್ಳಬೇಕು. ಸಭೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಆರೋಗ್ಯದ ಸಂದೇಶವನ್ನು ಮೂಲ ತಿಳಿಯದೆ ಮುಂದೆ ಕಳುಹಿಸುವುದು ಸುಳ್ಳುಸಾಕ್ಷಿಯಲ್ಲಿ ಪಾಲುಗೊಳ್ಳುವುದೆಂದು ಸ್ಪಷ್ಟವಾಗಿ ಬೋಧಿಸಬೇಕು. ರೋಗದ ಹೆಸರಿನಲ್ಲಿ ಯಾವುದೇ ನೆರೆಯ ಸಮುದಾಯದ ಮೇಲೆ ದೋಷ ಹೊರಿಸುವ ಮಾತು ಬಂದಾಗ, ಅಂದೇ, ಬಹಿರಂಗವಾಗಿ, ಅದನ್ನು ಸುಳ್ಳೆನ್ನಬೇಕು.

ಎಲ್ಲಕ್ಕಿಂತ ಕಷ್ಟವಾದದ್ದು ಮತ್ತೊಂದಿದೆ. ನಮಗೆ ಜಾಗ ಮಂಜೂರು ಮಾಡಿಸಿದ, ನಮ್ಮ ಹಬ್ಬಕ್ಕೆ ಬಂದು ದೀಪ ಹಚ್ಚಿದ, ಕಷ್ಟದಲ್ಲಿ ನಮ್ಮ ಪರ ನಿಂತ ನಾಯಕರಿಗೂ ಸತ್ಯ ಹೇಳಬೇಕಾಗುತ್ತದೆ. ಅಲ್ಪಸಂಖ್ಯಾತರಾದ ನಮಗೆ ಯಾವ ಪಕ್ಷವನ್ನೂ ಎದುರುಹಾಕಿಕೊಳ್ಳುವ ಶಕ್ತಿಯಿಲ್ಲವೆಂಬ ಮಾತು ನಿಜ. ಆದರೆ ಮಿತ್ರನಾದ ನಾಯಕನ ಸುಳ್ಳಿಗೆ ಸುಮ್ಮನಿದ್ದು, ಶತ್ರುವೆಂದು ಬಗೆದ ನಾಯಕನ ಸುಳ್ಳನ್ನು ಮಾತ್ರ ಖಂಡಿಸುವ ಸಭೆಗೆ ನಾಳೆ ಲಸಿಕೆಯ ಬಗ್ಗೆಯಾಗಲಿ, ಸುವಾರ್ತೆಯ ಬಗ್ಗೆಯಾಗಲಿ ಆಡುವ ಮಾತಿನಲ್ಲಿ ಬೆಲೆ ಉಳಿಯುವುದಿಲ್ಲ. ಪುನರುತ್ಥಾನದ ಸಾಕ್ಷಿಗಳೆಂದು ನಮ್ಮನ್ನು ಕರೆದುಕೊಳ್ಳುತ್ತೇವೆ. ಸಾಕ್ಷಿಯ ಮಾತು ಒಂದು ವಿಷಯದಲ್ಲಿ ಸುಳ್ಳೆಂದು ಕಂಡರೆ, ಇನ್ನೊಂದರಲ್ಲಿ ಅದನ್ನು ಯಾರೂ ನಂಬುವುದಿಲ್ಲ.